ಧೌ ಮರಗಳಿಗೆ ಕಟ್ಟಿದ ಸೀರೆಗಳು

ನಿವೃತ್ತಳಾದ ಮೇಲಿನ ಎರಡನೆಯ ಭಾನುವಾರ ನಾನು ಫರೀದಾಬಾದಿನ ಆಚೆ ಅರಾವಳಿ ಗುಡ್ಡವೊಂದರ ಕೊರಕಲಿನಲ್ಲಿ, ಮೊಣಕಾಲು ಮೊಣಕೈ ಊರಿಕೊಂಡು, ಒಂದು ಮರದ ಬೇರಿನ ಹಿಂದೆ ಅಂಬೆಗಾಲಿಡುತ್ತಿದ್ದೆ. ಅರವತ್ತು ತುಂಬಿತ್ತು. ಕೆಲವೇ ದಿನಗಳ ಹಿಂದೆ ಕಚೇರಿಯವರು ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು, ಇನ್ನು ಆರಾಮಾಗಿ ಕೂತುಕೊಳ್ಳಿ ಮೇಡಂ ಎಂದು ಕಳಿಸಿಕೊಟ್ಟಿದ್ದರು.

ಅಲ್ಲಿಗೆ ಹೋದದ್ದು ನನ್ನ ಉತ್ಸಾಹದಿಂದೇನೂ ಅಲ್ಲ. ಮಗಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಆ ಗುಡ್ಡದ ಧೌ ಮರಗಳ ಬಗ್ಗೆ ಅವಳು ಪ್ರಾಜೆಕ್ಟ್ ಬರೆಯಬೇಕಿತ್ತು. ಅಳತೆ ಟೇಪು ಹಿಡಿಯಬೇಕಿದ್ದ ಗೆಳತಿಗೆ ಜ್ವರ ಬಂತು. "ಅಮ್ಮ, ನೀನು ಟೇಪ್ ಹಿಡ್ಕೊಂಡು ನಿಂತ್ಕೋ, ಬಸ್. ಔರ್ ಕುಛ್ ನಹೀಂ," ಎಂದಳು. ನಮ್ಮ ಮನೆಯಲ್ಲಿ ಮಾತು ಕನ್ನಡದಲ್ಲಿ ಹೊರಟು ಹಿಂದಿಯಲ್ಲಿ ಮನೆ ಸೇರುವುದೇ ರೂಢಿ. ಮದುವೆಯಾಗಿ ದೇಶದ ರಾಜಧಾನಿಗೆ ಬಂದಾಗಿನಿಂದ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿದ್ದು, ಆಮೇಲೆ ರೋಹಿಣಿಯ ಫ್ಲ್ಯಾಟಿಗೆ ಬಂದ ನನಗೆ, ಡಾಂಬರು ಇಲ್ಲದ ನೆಲದ ಮೇಲೆ ನಡೆದು ಎಷ್ಟು ವರ್ಷವಾಯಿತೆಂದು ಲೆಕ್ಕವೂ ಇರಲಿಲ್ಲ. ಯಜಮಾನರು ಟೀವಿಯಿಂದ ಕಣ್ಣು ತೆಗೆಯದೆ, ಕಾಲು ಉಳುಕಿಸಿಕೊಂಡು ಬರಬೇಡ ಎಂದಷ್ಟೇ ಹೇಳಿದರು.

ರೋಹಿಣಿಯಿಂದ ಫರೀದಾಬಾದಿಗೆ ಮೆಟ್ರೋದಲ್ಲಿ ಒಂದು ನಿದ್ದೆ ಮುಗಿಸಬಹುದು. ನಿಲ್ದಾಣದ ಹೊರಗೆ ಕೊಡಗಿನ ಸುಬೇದಾರರು ತಮ್ಮ ಹಳೆಯ ಜೀಪಿನೊಂದಿಗೆ ಕಾದಿದ್ದರು. ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಪರಿಚಯವಾದ ಕುಟುಂಬ ಅದು. ಸೈನ್ಯದಿಂದ ನಿವೃತ್ತರಾದ ಮೇಲೆ ಅವರು ಅಲ್ಲಿನ ಎಂಜಿನಿಯರಿಂಗ್ ಕಾರ್ಖಾನೆಯೊಂದರಲ್ಲಿ ಕಾವಲಿನವರ ಮೇಲ್ವಿಚಾರಕರಾಗಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಮಗಳಿಗೆ ಅವರು ಮಾಮ. ಮಾತು ಕಡಿಮೆ, ಗಂಟಲು ದೊಡ್ಡದು. ಅವರ ಹೆಂಡತಿ ಕೊಟ್ಟು ಕಳಿಸಿದ ಅಕ್ಕಿ ಒಟ್ಟಿ ಎಂಬ ರೊಟ್ಟಿ, ಎಳ್ಳು ಪಜ್ಜಿ ಎಂಬ ಚಟ್ನಿಯ ಡಬ್ಬಿ ಹಿಂದಿನ ಸೀಟಿನಲ್ಲಿತ್ತು.

ಕಾರ್ಖಾನೆಗಳು ಮುಗಿದು, ಫಾರ್ಮ್‌ಹೌಸುಗಳ ಉದ್ದುದ್ದ ಗೋಡೆಗಳು ಮುಗಿದು, ಒಂದು ಹಳ್ಳಿ ದಾಟಿದ ಮೇಲೆ ರಸ್ತೆ ಗುಡ್ಡದ ಅಂಚಿಗೆ ಬಂದು ನಿಂತಿತು. ಕೆಳಗೆ ಕಣಿವೆ. ನವೆಂಬರಿನ ಬಿಸಿಲಿನಲ್ಲಿ ಇಡೀ ಇಳಿಜಾರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಧೌ ಮರದ ಎಲೆ ಚಿಕ್ಕದು, ಕೊಂಬೆಯ ತುದಿಗಳು ಜೋಲುತ್ತವೆ, ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ತೂಗುತ್ತವೆ. ಆ ಕಾಡನ್ನು ಊರವರು ಬನಿ ಎನ್ನುತ್ತಾರೆ. ನಮ್ಮ ನಾಗಬನದ 'ಬನ'ವೇ ಅದು. ಒಬ್ಬ ಬಾಬಾ ಅಲ್ಲಿ ತಪಸ್ಸು ಮಾಡಿದ್ದನಂತೆ, ಅಂದಿನಿಂದ ಯಾರೂ ಅಲ್ಲಿ ಒಂದು ಕಡ್ಡಿ ಮುರಿದಿಲ್ಲ. ಮಗಳು ಇದನ್ನು ಹೇಳಿ ಮುಗಿಸುವುದರೊಳಗೆ ಅಣ್ಣ ಬೂಟು ಕಳಚಿ ಜೀಪಿನಲ್ಲಿಟ್ಟಿದ್ದರು.

"ಇದು ದೇವರಕಾಡು. ನಮ್ಮಲ್ಲಿ ಚಪ್ಪಲಿ ಹಾಕ್ಕೊಂಡು ಹೋಗೋದಿಲ್ಲ," ಎಂದರು.

ಮುಳ್ಳು ಚುಚ್ಚಿದರೆ ಅವರು ಕಿತ್ತೆಸೆದು ಮುಂದೆ ನಡೆದರು. ನಾನು ಮಾತ್ರ ಕ್ಯಾನ್ವಾಸ್ ಬೂಟು ಕಳಚಿದ ಎರಡೇ ನಿಮಿಷದಲ್ಲಿ ಬಾಬಾನ ಕ್ಷಮೆ ಕೇಳಿ ಮತ್ತೆ ಹಾಕಿಕೊಂಡೆ.

ಮಳೆಗಾಲದ ನೀರು ಮಣ್ಣು ಕೊಚ್ಚಿಕೊಂಡು ಹೋದ ಒಂದು ಕೊರಕಲಿನಲ್ಲಿ ಬೇರುಗಳು ಹೊರಗೆ ಕಾಣುತ್ತಿದ್ದವು. ಮಗಳು ಅಲ್ಲಿ ನಿಂತು ತೋರಿಸಿದಳು. ಒಂದು ಮರದ ಬುಡದಿಂದ ಹೊರಟ ಬೇರು ನೆಲದ ಗುಂಟ ಹೋಗಿ, ಎರಡು ಮಾರಿನಾಚೆ ಇನ್ನೊಂದು ಮರವಾಗಿ ಎದ್ದಿತ್ತು. ಅಲ್ಲಿಂದ ಮುಂದಕ್ಕೆ ಮತ್ತೊಂದು. ಬೀಜದಿಂದಲ್ಲ, ಬೇರಿನಿಂದಲೇ ಚಿಗುರಿ ಬೆಳೆದವು ಅವು. ನೋಡಲು ನೂರಾರು ಮರ, ಆದರೆ ನೆಲದೊಳಗೆ ಎಲ್ಲವೂ ಒಂದೇ ಮರ ಇರಬಹುದು, ಎಂದು ಅವಳು ಹೇಳಿದಾಗ ನನಗೆ ಏಕೋ ಕಿಲಕಿಲ ನಗು ಬಂತು. ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡೇಬಿಡೋಣ ಎಂದು ಟೇಪನ್ನು ಅಲ್ಲೇ ಬಿಟ್ಟು ನಾನು ನೆಲಕ್ಕೆ ಬಿದ್ದೆ. ಬೇರು ಬಂಡೆಯ ಸಂದಿಗೆ ನುಗ್ಗಿದರೆ ಈಚೆ ಮಾಯ, ಆಚೆ ಹಾಜರು. ನನ್ನ ಹಿಂದೆ ಮಗಳು, ಅವಳ ಪಕ್ಕದಲ್ಲಿ ಬರಿಗಾಲಿನ ಅಣ್ಣ, ಒಂದೊಂದು ಮರ ಬಂದಾಗಲೂ ಕವಾಯತಿನ ಗಂಟಲಿನಲ್ಲಿ ಒಂದು, ಎರಡು, ಮೂರು ಎಂದು ಕೂಗುತ್ತ.

ಹನ್ನೊಂದನೆಯ ಮರದ ಹತ್ತಿರ ನನ್ನ ಮೂಗಿನೆದುರು ಒಂದು ಜೊತೆ ಜೋಡು ಕಂಡಿತು. ತಲೆ ಎತ್ತಿದರೆ ಓಢನಿ ಹೊದ್ದ ಮುದುಕಿ, ಕೈಯಲ್ಲಿ ಕೋಲು, ಹಿಂದೆ ಆಡುಗಳ ಹಿಂಡು. ಆಕೆಗೆ ಎಪ್ಪತ್ತೈದಾದರೂ ಇರಬೇಕು. ನನ್ನನ್ನು ನೋಡಿ, "ಬೇಟಿ, ಏನು ಕಳಕೊಂಡೆ?" ಎಂದು ಹಿಂದಿಯಲ್ಲಿ ಕೇಳಿದಳು. ಅರವತ್ತರಲ್ಲಿ ಬೇಟಿ ಎನ್ನಿಸಿಕೊಂಡ ಖುಷಿಗೆ ನಾನು ಎದ್ದು ನಿಲ್ಲುವುದನ್ನೂ ಮರೆತೆ. ಮಗಳು ಬೇರಿನ ವಿಷಯ ವಿವರಿಸಿದಳು. ಮುದುಕಿ ತಾಳ್ಮೆಯಿಂದ ಕೇಳಿ, ಇದರಲ್ಲಿ ಹೊಸತೇನಿದೆ, ಇದೆಲ್ಲ ಒಂದೇ ಎಂದು ತನ್ನ ಅಜ್ಜಿಯೇ ಹೇಳುತ್ತಿದ್ದಳು ಎಂದಳು. ಊರಿನವರೆಲ್ಲ ಆಕೆಯನ್ನು ತಾಈ ಎನ್ನುತ್ತಿದ್ದರು. ಅವರ ಕಡೆ ಅದು ದೊಡ್ಡಮ್ಮ ಎಂದು ಕರೆಯುವ ಮಾತು. ನಮ್ಮ ಕಿವಿಗೆ ಅದು ತಾಯಿ ಎಂದೇ ಕೇಳಿಸಿತು, ನಾವು ಹಾಗೆಯೇ ಕರೆದೆವು.

ಅಕ್ಕಿ ಒಟ್ಟಿ ಹಂಚಿಕೊಂಡು ತಿನ್ನುವಾಗ ತಾಯಿ ಇಳಿಜಾರಿನ ನಡುವೆ ಕೆಲವು ಬಂಡೆಗಳನ್ನು ತೋರಿಸಿದಳು. ಅವುಗಳ ಮೇಲೆ ಬಿಳಿ ಬಣ್ಣದ ಗುರುತುಗಳಿದ್ದವು. ಬನಿಯ ಆಚೆ ಒಂದು ಕಂಪನಿ ಹೊಸ ಫಾರ್ಮ್‌ಹೌಸ್ ಬಡಾವಣೆ ಮಾಡುತ್ತದಂತೆ, ರಸ್ತೆ ಇದೇ ಇಳಿಜಾರನ್ನು ಸೀಳಿಕೊಂಡು ಹೋಗುತ್ತದಂತೆ. ಊರಿನ ಗಂಡಸರು ಅಲ್ಲಿನ ಚಾವಡಿಯಾದ ಚೌಪಾಲಿನಲ್ಲಿ ಹುಕ್ಕಾ ಸೇದುತ್ತ ದಿನವೂ ಬೈಯುತ್ತಿದ್ದರು. ಬೈಗುಳವನ್ನು ಕಾಗದಕ್ಕೆ ಇಳಿಸುವವರು ಯಾರೂ ಇರಲಿಲ್ಲ.

ಡಿಸೆಂಬರಿನಲ್ಲಿ ಚೌಪಾಲಿನ ಗೋಡೆಗೆ ನೋಟಿಸು ಅಂಟಿತು. ಅಣ್ಣ ಅದರ ಫೋಟೋ ಕಳಿಸಿದರು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು, ಆಮೇಲೆ ಸಾರ್ವಜನಿಕ ಅಹವಾಲು. ಜೊತೆಗೆ ಕಂಪನಿಯ ವರದಿ: ಇಳಿಜಾರಿನಲ್ಲಿ ಅಲ್ಲಲ್ಲಿ ಕುರುಚಲು ಇದೆ, ರಸ್ತೆಗೆ ಅಡ್ಡ ಬರುವ ಮರಗಳನ್ನು ಎಣಿಸಲಾಗಿದೆ, ಕಡಿದಷ್ಟಕ್ಕೂ ಬೇರೆ ಕಡೆ ಸಸಿ ನೆಡಲಾಗುವುದು. ಓದುತ್ತ ಓದುತ್ತ ನನ್ನ ಕೈ ತುರಿಸಲು ಶುರುವಾಯಿತು. ಮೂವತ್ತನಾಲ್ಕು ವರ್ಷ ನಾನು ಮಾಡಿದ್ದು ಇದನ್ನೇ, ಇಂಥ ಕಾಗದ ಓದಿ ಟಿಪ್ಪಣಿ ಬರೆಯುವುದನ್ನು. ವರದಿಯ ಬಲವೆಲ್ಲ ಆ ಎಣಿಕೆಯಲ್ಲಿತ್ತು. ಎಣಿಸಬಹುದಾದ ಮರಗಳಾದರೆ ಬದಲಿಗೆ ಸಸಿ ಕೊಡಬಹುದು. ಅದು ಒಂದೇ ಮರವಾದರೆ? ಅದರ ಮೈಯನ್ನೇ ಸೀಳಿ ಬದಲಿಗೆ ಏನು ಕೊಡುತ್ತಾರೆ?

ಆದರೆ ಒಂದೇ ಮರ ಇರಬಹುದು ಎನ್ನುವುದು ಫೈಲಿಗೆ ಸಾಲುವುದಿಲ್ಲ. ಮಗಳು ತನ್ನ ಪ್ರೊಫೆಸರನ್ನು ಕೇಳಿದಳು. ಬೇರೆ ಬೇರೆ ಮರಗಳ ಎಲೆ ತಂದುಕೊಟ್ಟರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಹೇಳಬಹುದು ಎಂದರು ಅವರು. ನಾವು ಕುಣಿಯುತ್ತ ಬನಿಗೆ ಹೋದೆವು. ತಾಯಿ ಕೋಲನ್ನು ಅಡ್ಡ ಹಿಡಿದಳು. ಬನಿಯಲ್ಲಿ ಎಲೆ ಕೀಳುವಂತಿಲ್ಲ. ಬನಿಯನ್ನು ಉಳಿಸುವುದಕ್ಕೇ ಬೇಕಾಗಿದೆ ಎಂದೆವು. ಹಾಗಂತ ಬಾಬಾನ ಮೈಮೇಲೆ ಕೈ ಹಾಕುತ್ತೀರಾ ಎಂದಳು. ತಾನಾಗಿ ಉದುರಿದ್ದನ್ನು ಬೇಕಾದರೆ ತೆಗೆದುಕೊಂಡು ಹೋಗಿ, ತಾನೇ ಬಾಬಾನಿಗೆ ಹೇಳಿಕೊಳ್ಳುತ್ತೇನೆ ಎಂದಳು. ಉದುರಿದ ಎಲೆ ಯಾವ ಮರದ್ದೆಂದು ಯಾರು ಹೇಳಬೇಕು? ನೆಲದ ತುಂಬ ತಾಮ್ರದ ಚೂರುಗಳಂತೆ ಎಲೆಗಳು ಬಿದ್ದಿದ್ದವು, ಒಂದು ಗಾಳಿಗೆ ಎಲ್ಲ ಕಲಸಿಹೋಗುತ್ತಿದ್ದವು.

ಮೆಟ್ರೋದಲ್ಲಿ ವಾಪಸು ಬರುತ್ತ ನಾವಿಬ್ಬರೂ ಸಪ್ಪಗೆ ಕೂತಿದ್ದೆವು. ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡಿದ್ದಳು. ಮಗಳು ಅದನ್ನೇ ನೋಡುತ್ತಿದ್ದು, ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅಮ್ಮ, ನಿನ್ನ ಆಫೀಸ್ ಸೀರೆ ಎಷ್ಟಿದೆ?"

ಬೀರು ತುಂಬ ಇತ್ತು. ಬೇಸಿಗೆಯ ವಾಯಿಲ್, ಚಳಿಗಾಲದ ಖಾದಿ, ಮೀಟಿಂಗಿನ ದಿನ ಉಡುತ್ತಿದ್ದ ಗಂಜಿ ಹಾಕಿದ ಕಾಟನ್. ನಿವೃತ್ತಿಯ ಮರುದಿನದಿಂದ ಚೂಡಿದಾರಕ್ಕೆ ಬಂದುಬಿಟ್ಟಿದ್ದ ನನಗೆ ಅವನ್ನೇನು ಮಾಡಬೇಕೆಂದೇ ತೋಚಿರಲಿಲ್ಲ. ಅಂದು ಸಂಜೆ ತೆಳ್ಳನೆಯವನ್ನೆಲ್ಲ ಆರಿಸಿ ತುಂಡು ಮಾಡಿ, ಹೊಲಿಗೆ ಯಂತ್ರದಲ್ಲಿ ಚೀಲ ಹೊಲಿದೆವು. ಯಜಮಾನರು ಬಂದು ನೋಡಿ, ಇದನ್ನು ಉಟ್ಟುಕೊಂಡೇ ನೀನು ಬಡ್ತಿ ಪಡೆದದ್ದು ಎಂದು ಒಂದು ನೀಲಿ ಸೀರೆಯನ್ನು ಎತ್ತಿ ಹಿಡಿದರು. ಅದನ್ನೂ ಕತ್ತರಿಸಿದೆ.

ಮುಂದಿನ ಭಾನುವಾರ ಒಂದೊಂದು ಮರದ ತಗ್ಗಿನ ಕೊಂಬೆಗೆ ಒಂದೊಂದು ಚೀಲ ತೊಡಿಸಿ ಸಡಿಲವಾಗಿ ಕಟ್ಟಿದೆವು. ಆ ಕೊಂಬೆಯಿಂದ ಉದುರಿದ ಎಲೆ ಆ ಚೀಲದೊಳಗೇ ಬೀಳಬೇಕು. ಹರಕೆಯ ದಾರ ಕಟ್ಟುವುದಿಲ್ಲವೆ, ಇದೂ ಹಾಗೆಯೇ, ಎಂದು ತಾಯಿ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಯಾವ ಮರಕ್ಕೆ ಯಾವ ಬಣ್ಣ ಒಪ್ಪುತ್ತದೆಂದು ನಿಂತು ಹೇಳಿದಳು. ಹೆಂಗಸರು ಹುಲ್ಲಿನ ಹೊರೆ ಇಳಿಸಿ ನೋಡಲು ಬಂದರು, ನೋಡಲು ಬಂದವರು ಕಟ್ಟಲು ನಿಂತರು. ಮಧ್ಯಾಹ್ನದ ಹೊತ್ತಿಗೆ ಇಳಿಜಾರಿನ ಮೇಲಿನಿಂದ ಕೆಳಗಿನವರೆಗೆ ನನ್ನ ಮೂವತ್ತನಾಲ್ಕು ವರ್ಷಗಳು ಗಾಳಿಗೆ ಉಬ್ಬಿ ಪಟಪಟ ಎನ್ನುತ್ತಿದ್ದವು. ಸೋಮವಾರದ ಗುಲಾಬಿ, ಬಜೆಟ್ ವಾರದ ಬೂದು, ಸಂಸತ್ತಿನ ಪ್ರಶ್ನೆಗಳಿಗೆ ಉತ್ತರ ಬರೆದ ಹಸಿರು. ನನಗೆ ತಲೆ ಹಗುರವಾಗಿ ತಿರುಗಿದಂತಾಯಿತು. ಒಂದು ಮರವನ್ನು ಹಿಡಿದುಕೊಂಡು ನಿಂತು ನಗುತ್ತಲೇ ಇದ್ದೆ. ಅಣ್ಣ ಕಾರ್ಖಾನೆಗೆ ರಜೆ ಹಾಕಿ ಎರಡು ದಿನ ಬರಿಗಾಲಿನಲ್ಲಿ ಕಾವಲು ಕಾದು, ಬಿದ್ದ ಎಲೆಯನ್ನು ಬಿದ್ದ ದಿನವೇ ಮರದ ಸಂಖ್ಯೆ ಬರೆದ ಲಕೋಟೆಗೆ ಹಾಕಿದರು. ಒಂದು ಆಡು ಹಳದಿ ಚೀಲವನ್ನು ಎಲೆ ಸಮೇತ ತಿಂದದ್ದು ಬಿಟ್ಟರೆ ನಷ್ಟವೇನೂ ಆಗಲಿಲ್ಲ.

ಇತ್ತ ನಾನು ಆಕ್ಷೇಪಣೆ ಬರೆಯಲು ಕೂತೆ. ಹಿಂದಿಯಲ್ಲಿ ಬರೆಯಬೇಕಿತ್ತು, ಅದು ಕಷ್ಟವಲ್ಲ. ಕಷ್ಟವಾದದ್ದು ಬೇರೆ. ಸರ್ಕಾರಿ ಬರವಣಿಗೆಯಲ್ಲಿ ನಾನು ಎನ್ನುವವಳು ಇರುವುದಿಲ್ಲ. ಪರಿಶೀಲಿಸಲಾಗಿದೆ, ಗಮನಿಸಲಾಗಿದೆ, ಮಂಡಿಸಲಾಗಿದೆ. ಯಾರು ಗಮನಿಸಿದರು ಎಂದು ಯಾರೂ ಕೇಳುವುದಿಲ್ಲ. ಮೊದಲ ಕರಡನ್ನು ಹಾಗೆಯೇ ಬರೆದೆ. ಓದಿದರೆ ಕಂಪನಿಯ ವರದಿಯ ಅಕ್ಕನಂತೆ ಕಂಡಿತು. ಹರಿದುಹಾಕಿ, ಹೊಸ ಹಾಳೆಯ ಮೇಲೆ, ನಾನು ನೋಡಿದ್ದೇನೆ ಎಂದು ಶುರು ಮಾಡಿದೆ. ನಾನು ಮುಟ್ಟಿದ್ದೇನೆ. ನಾನು ಹನ್ನೊಂದು ಮರಗಳವರೆಗೆ ಬೇರನ್ನು ಹಿಂಬಾಲಿಸಿದ್ದೇನೆ. ಒಂದೊಂದು ನಾನು ಬರೆದಾಗಲೂ ಯಾರೋ ಬಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಬಹುದೆಂದು ಹಿಂದೆ ತಿರುಗಿ ನೋಡುತ್ತಿದ್ದೆ. ಯಾರೂ ಬರಲಿಲ್ಲ. ಕೊನೆಗೆ ಹುದ್ದೆ ಇಲ್ಲದ ನನ್ನ ಬರಿಯ ಹೆಸರು ಬರೆದು ಸಹಿ ಹಾಕಿದೆ. ಮರುದಿನ ಊರಿನ ಹೆಂಗಸರೆಲ್ಲ ಅದೇ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದರು, ಬಲ್ಲವರು ಸಹಿ ಹಾಕಿದರು. ಕಂದಾಯದ ದಾಖಲೆಯಲ್ಲಿ ಬನಿಯನ್ನು 'ಗೈರ್ ಮುಮ್ಕಿನ್ ಪಹಾಡ್', ಎಂದರೆ ಉಳಲು ಬಾರದ ಗುಡ್ಡ ಎಂದು ಬರೆದಿದೆ ಎಂದು ನಾನು ಓದಿ ಹೇಳಿದಾಗ ತಾಯಿಗೆ ಸಿಟ್ಟು ಬಂತು. ಉಳುತ್ತೇವೆಂದು ಇವರಿಗೆ ಹೇಳಿದವರು ಯಾರು ಎಂದು ಕೇಳಿದಳು.

ಸಂಕ್ರಾಂತಿಯ ಎಳ್ಳುಬೆಲ್ಲ ಬೀರುತ್ತಿದ್ದಾಗ ಮಗಳ ಫೋನು ಬಂತು. ಆ ಇಳಿಜಾರಿನಿಂದ ತಂದ ಎಲೆಗಳೆಲ್ಲ ಒಂದೇ ಗಿಡದವು ಎಂದು ಪ್ರೊಫೆಸರ್ ಹೇಳಿದ್ದರು. ಕೊರಕಲಿನ ಆಚೆಯ ಮರಗಳು ಮಾತ್ರ ಬೇರೆ. ಫೋನಿನ ಎರಡೂ ಕಡೆ ನಾವು ಉಸಿರುಗಟ್ಟಿ ನಗುತ್ತಿದ್ದೆವು. ನಾನು ಮೊದಲು ಕೇಳಿದ್ದು ಅದರ ವಯಸ್ಸು. ಫೈಲಿಗೆ ಒಂದು ಸಂಖ್ಯೆ ಇದ್ದರೆ ತೂಕ. ಕಾಂಡಗಳು ಸಾಯುತ್ತವೆ, ಹೊಸವು ಹುಟ್ಟುತ್ತವೆ, ಬೇರಿನ ವಯಸ್ಸು ಹೇಳುವ ದಾರಿ ತಮಗೆ ಗೊತ್ತಿಲ್ಲ, ಬಹಳ ಹಳೆಯದು ಎಂದಷ್ಟೇ ಬರೆಯಿರಿ, ಎಂದು ಪ್ರೊಫೆಸರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ.

ಅಹವಾಲಿನ ಸಭೆ ಹಳ್ಳಿಯ ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ ನಡೆಯಿತು. ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಶೀತವಾಗಿ ಮೂಗು ಕೆಂಪಾಗಿತ್ತು. ಕಂಪನಿಯವನು ಬಣ್ಣದ ನಕ್ಷೆ ಬಿಡಿಸಿ ಇಷ್ಟು ಮರ, ಇಷ್ಟು ಸಸಿ ಎಂದು ಅಚ್ಚುಕಟ್ಟಾಗಿ ಹೇಳಿ ಕೂತ. ಅಧಿಕಾರಿ ಊರವರ ಕಡೆ ನೋಡಿ, ಈ ಎಣಿಕೆಗೆ ನಿಮ್ಮ ತಕರಾರಿದೆಯೇ, ನಿಮ್ಮ ಲೆಕ್ಕದಲ್ಲಿ ಎಷ್ಟು ಮರ ಎಂದು ಕೇಳಿದರು. ಹಿಂದಿನ ಸಾಲಿನಿಂದ ತಾಯಿ ಕೋಲೂರಿ ಎದ್ದು ನಿಂತಳು.

"ಏಕ್," ಎಂದಳು.

ಶಾಮಿಯಾನವೆಲ್ಲ ಗೊಳ್ಳೆಂದಿತು. ಕಂಪನಿಯವನೂ ನಕ್ಕ. ತಾಯಿ ಕೂರಲಿಲ್ಲ. ನಾನು ಎದ್ದು ಪ್ರಯೋಗಾಲಯದ ಕಾಗದವನ್ನು ಮೇಜಿನ ಮೇಲಿಟ್ಟೆ. ಅಧಿಕಾರಿ ಓದಿದರು, ಮತ್ತೊಮ್ಮೆ ಓದಿದರು. ನಗು ನಿಧಾನವಾಗಿ ಇಳಿಯಿತು. ಎಷ್ಟು ವರ್ಷದ್ದು ಎಂದು ಅವರು ಕೇಳಿಯೇ ಕೇಳಿದರು. ಸಾವಿರ ಎಂದು ಹೇಳಿಬಿಡೇ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು, ಮಗಳ ಮೊಣಕೈ ಹಿಡಿದೂ ಆಗಿತ್ತು. ಅವಳು ಕೈ ಬಿಡಿಸಿಕೊಂಡು ಎದ್ದಳು. "ಗೊತ್ತಿಲ್ಲ ಸರ್. ಯಾರಿಗೂ ಗೊತ್ತಿಲ್ಲ. ಕಡಿದರೆ ಗೊತ್ತಾಗೋದೂ ಇಲ್ಲ," ಎಂದು ಹಿಂದಿಯಲ್ಲಿ ಹೇಳಿದಳು. ಅವರು ಪೆನ್ನು ತೆಗೆದು ಅದನ್ನೇ ಬರೆದುಕೊಂಡರು. ಆಮೇಲೆ ಎದ್ದು, ಚಲೋ, ಹೋಗಿ ನೋಡೋಣ ಎಂದರು.

ಇಡೀ ಸಭೆ ಅವರ ಹಿಂದೆ ಗುಡ್ಡ ಇಳಿಯಿತು. ಕೊರಕಲಿನ ಬಳಿ ಅವರು ಮೊದಲು ಬಗ್ಗಿ ನೋಡಿದರು, ಆಮೇಲೆ ಕುಕ್ಕರಗಾಲಲ್ಲಿ ಕೂತರು, ಕೊನೆಗೆ ಕೋಟು ಬಿಚ್ಚಿ ಗುಮಾಸ್ತನ ಕೈಗೆ ಕೊಟ್ಟು ಕೈಯೂರಿದರು. ಬೇರು ಬಂಡೆಯೊಳಗೆ ಮಾಯವಾದಾಗ ತಲೆಯೆತ್ತಿ ನನ್ನನ್ನು ನೋಡಿದರು. ಆಚೆ ಬರುತ್ತೆ ಎಂದು ಕೈಸನ್ನೆ ಮಾಡಿದೆ. ಬಂತು. ಅಣ್ಣ ತಡೆಯಲಾರದೆ ಎಣಿಸಲು ಶುರು ಮಾಡಿದರು, ಅವರ ಗಂಟಲಿಗೆ ಊರವರೂ ಸೇರಿಕೊಂಡರು. ಒಂಬತ್ತರ ಹತ್ತಿರ ಅಧಿಕಾರಿ ಸೀನಿದರು, ಆದರೆ ನಿಲ್ಲಲಿಲ್ಲ.

ಆದೇಶ ಬಂದದ್ದು ಹೋಳಿಯ ಆಸುಪಾಸಿನಲ್ಲಿ. ಇಳಿಜಾರಿನಲ್ಲಿ ರಸ್ತೆ ಇಲ್ಲ. ಬೇಕಿದ್ದರೆ ಬನಿಯ ಹೊರಗಿನ ಹಳೆಯ ಕಲ್ಲುಗಣಿಯ ದಾರಿಯನ್ನು ಬಳಸಿಕೊಳ್ಳಬೇಕು. ಬನಿಯನ್ನು ಕಾಡೆಂದು ಅಧಿಸೂಚಿಸುವ ಪ್ರಸ್ತಾವ ಪರಿಶೀಲನೆಯಲ್ಲಿದೆ. ಆ ಕೊನೆಯ ಮಾತನ್ನು ನಾನು ಎಷ್ಟು ಸಲ ಬರೆದಿಲ್ಲ. ಪರಿಶೀಲನೆ ಎಷ್ಟು ದಿನ ಮಲಗಬಲ್ಲದೆಂದು ಗೊತ್ತಿದ್ದರಿಂದ ಇಂದಿಗೂ ತಿಂಗಳಿಗೊಮ್ಮೆ ಆ ಕಚೇರಿಗೆ ಹೋಗಿ ಎಬ್ಬಿಸಿ ಬರುತ್ತೇನೆ. ಅಲ್ಲಿಯ ಗುಮಾಸ್ತ ನನ್ನನ್ನು ಕಂಡೊಡನೆ ಫೈಲು ಹುಡುಕುವಂತೆ ನಟಿಸುತ್ತಾನೆ. ನಟನೆಯನ್ನು ನಾನೂ ಮಾಡಿದ್ದೇನಾದ್ದರಿಂದ ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ಆದರೆ ಅಂದು ಅದನ್ನೆಲ್ಲ ಯಾರು ಯೋಚಿಸಿದರು? ಚೌಪಾಲಿನಲ್ಲಿ ಆದೇಶವನ್ನು ನಾನೇ ಓದಿ ಹೇಳಿದೆ. ಢೋಲಕ್ ಬಂತು, ಹೆಂಗಸರು ವೃತ್ತ ಕಟ್ಟಿದರು. ಸದಾ ಸೆಟೆದು ನಿಲ್ಲುವ ಅಣ್ಣ ಇದ್ದಕ್ಕಿದ್ದಂತೆ ಎರಡೂ ಕೈ ಎತ್ತಿ, ಕೊಡಗಿನ ಮದುವೆಗಳಲ್ಲಿ ಕುಣಿಯುವ ಹಾಗೆ ಮೊಣಕಾಲು ಬಗ್ಗಿಸಿ ಹೆಜ್ಜೆ ಹಾಕಿದರು. ಢೋಲಕ್ಕಿನವನಿಗೆ ಆ ತಾಳ ಸಿಗಲಿಲ್ಲ, ಅಣ್ಣನಿಗೆ ಅವನ ತಾಳ ಬೇಕಾಗಿರಲಿಲ್ಲ. ಅವರ ಹೆಂಡತಿ ನಾಚಿಕೆಯಿಂದ ಮುಖ ಮುಚ್ಚಿಕೊಂಡವರು ಎರಡನೆಯ ಸುತ್ತಿಗೆ ತಾವೂ ಇಳಿದರು.

ಮಳೆ ಬಿದ್ದ ಮೇಲೆ ಇಳಿಜಾರಿನ ಕೆಳಗಿನ ಬಯಲಿನಲ್ಲಿ ಬೇರಿನಿಂದ ಹೊಸ ಚಿಗುರು ಎದ್ದವು, ಗೇಣುದ್ದದವು. ಅವು ಎದ್ದಲ್ಲೇ ಆಡುಗಳು ಮೇಯ್ದುಬಿಡುತ್ತಿದ್ದವು. ಎರಡು ವರ್ಷ ಆ ಬಯಲಿಗೆ ಆಡು ಬಿಡಬಾರದು ಎಂದು ಮಗಳು ಹೇಳಲಾರದೆ ಹೇಳಿದಳು. ಆ ಹುಲ್ಲನ್ನೇ ನಂಬಿದ ತಾಯಿ ತನ್ನ ಆಡುಗಳನ್ನು ಒಂದು ಸಲ ಎಣಿಸಿದಳು. ಆಮೇಲೆ, ಸರಿ, ಆದರೆ ಆಡುಗಳಿಗೆ ನೀವೇ ಹೇಳಿ ಎಂದಳು. ಮುಳ್ಳಿನ ಬೇಲಿ ಕಟ್ಟಿದೆವು. ಹೋದ ಭಾನುವಾರ ಅದೇ ಬೇಲಿಯನ್ನು ಎರಡು ಆಡುಗಳು ಹಾರಿದವು. ಎಡದಿಂದ ಅಣ್ಣ, ಬಲದಿಂದ ನಾನು, ನಡುವೆ ಕೋಲೆತ್ತಿದ ತಾಯಿ, ಮೂವರೂ ಒಂದೇ ಆಡಿನ ಮೇಲೆ ನುಗ್ಗಿದೆವು. ಆಡು ನಮ್ಮ ನಡುವಿನಿಂದ ನುಸುಳಿ ಬೇಲಿ ಹಾರಿ ಹೋಯಿತು. ನಾವು ಕೆಸರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದೆವು. ಏಳುವ ಪ್ರಯತ್ನ ಮಾಡಿದವರು ನಗುವಿಗೆ ಮತ್ತೆ ಜಾರಿದರು. ತಾಯಿ ನನ್ನ ಭುಜ ಹಿಡಿದುಕೊಂಡು, ಕಣ್ಣೀರು ಒರೆಸಿಕೊಳ್ಳುತ್ತ, ತನ್ನ ಮೊಣಕಾಲಿನ ಪಕ್ಕದ ಚಿಗುರನ್ನು ಮೆಲ್ಲಗೆ ನೆಟ್ಟಗೆ ಮಾಡಿದಳು. ಅದು ಮುರಿದಿರಲಿಲ್ಲ. ಮಗಳು ಬೇಲಿಯ ಆಚೆ ನಿಂತು, ಯಾರಿಗಾದರೂ ಪೆಟ್ಟಾಯಿತೇ ಎಂದು ಎರಡು ಭಾಷೆಯಲ್ಲೂ ಕೇಳುತ್ತಿದ್ದಳು.